ಕೆಮ್ಮು ಬಂದ ಜಾಗ

ಮೊದಲು ಇಲಿ ಅಂದುಕೊಂಡಳು ರಬಾಬ್. ಆಮೇಲೆ ಅಡುಗೆಮನೆಯ ನಲ್ಲಿ. ದಿಂಬಿನಿಂದ ತಲೆಯೆತ್ತಿ ಆಲಿಸಿದಾಗ ಅದು ಎರಡೂ ಅಲ್ಲ, ಯಾರೋ ಹೆಂಗಸಿನ ಪಿಸುದನಿ ಎಂದು ತಿಳಿಯಿತು. ಗಂಡ ವಗ್ದಿ ಪಕ್ಕದಲ್ಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದುದರಿಂದ ಆ ಹೆಂಗಸಿನ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವುದಕ್ಕೆ ಮಾಮೂಲಿ ಕಾರಣ ಇರಲಿಲ್ಲ. ದನಿ ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಮೂಗಿನಿಂದ ಹೊರಡುವ, ಪ್ರತಿ ಅಕ್ಷರವನ್ನೂ ಇಸ್ತ್ರಿ ಮಾಡಿ ಮಡಿಸಿಡುವಂಥ ದನಿ. ನನಗೆ ಎಲ್ಲ ಗೊತ್ತಿದೆ, ನಿಮಗೆ ಗೊತ್ತಿಲ್ಲದ್ದನ್ನು ಕ್ಷಮಿಸಿದ್ದೇನೆ ಎನ್ನುವ ದನಿ. ಯಾರಪ್ಪಾ ಈ ಜಂಬದವಳು ಎಂದು ಕತ್ತಲಲ್ಲೇ ಮುಖ ಸಿಂಡರಿಸಿದವಳಿಗೆ ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ಆ ಜಂಬದವಳು ತಾನೇ.

ಮಗಳ ಕೋಣೆಯ ಬಾಗಿಲು ಸಂದು ಬಿಟ್ಟಿತ್ತು. ಕಂಬಳಿಯ ಗುಡಾರದೊಳಗೆ ಸಣ್ಣ ಬೆಳಕು. ಕುರಾನ್ ಪಠಣ ಕೇಳಲಿ ಎಂದು ಕೊಟ್ಟಿದ್ದ ಹಳೇ ಫೋನಿನಿಂದ ರಬಾಬಳ ದನಿ ಬರುತ್ತಿತ್ತು, ಅದರ ಹಿಂದೆಯೇ ನೆರಳಿನಂತೆ ಲುಜೈನಳ ಪಿಸುದನಿ. "ಇಂಥ ಮಗುವನ್ನು ಮೊದಲು ಗುರುತಿಸುವುದು," ಎಂದಿತು ಫೋನು, ಅಲ್ಲಿ ಒಂದು ಕೆಮ್ಮು, "ತಾಯಿಯ ಕಣ್ಣು." ಮಗಳು ಹಾಗೆಯೇ ಹೇಳಿದಳು. ಬೆರಳಿನಿಂದ ಹಿಂದಕ್ಕೆ ಒತ್ತಿದಳು. ಮತ್ತೆ ಕೆಮ್ಮು, ಮತ್ತೆ ತಾಯಿಯ ಕಣ್ಣು. ಬಾಗಿಲ ಸಂದಿಯಲ್ಲಿದ್ದ ತಾಯಿಯ ಕಣ್ಣು ಇದನ್ನೆಲ್ಲ ನೋಡಿ, ಎಷ್ಟು ಶ್ರದ್ಧೆ ನನ್ನ ಮಗಳಿಗೆ, ಎಂದು ನಿರ್ಧರಿಸಿ ವಾಪಸು ಬಂದು ಮಲಗಿತು. ಉಚ್ಚಾರ ತಿದ್ದಿಕೊಳ್ಳುತ್ತಿದ್ದಾಳೆ. ಅಷ್ಟೇ. ನಾಳೆ ಬೆಳಗಿನ ಸಾಲಿನಲ್ಲಿ ಇಡೀ ಶಾಲೆಯ ಮುಂದೆ, ಶಿಕ್ಷಣ ಕಚೇರಿಯವರ ಮುಂದೆ, ಮೈಕಿನಲ್ಲಿ ಓದಬೇಕಾದ ಮಗು ಉಚ್ಚಾರ ತಿದ್ದಿಕೊಳ್ಳದೆ ಏನು ಮಾಡೀತು? ಆದರೆ ಓದಬೇಕಾದ ಹಾಳೆ ಹಜಾರದ ಮೇಜಿನ ಮೇಲೆ, ಕಿತ್ತಳೆಯ ಬುಟ್ಟಿಯ ಕೆಳಗೆ, ರಬಾಬ್ ಇಟ್ಟ ದಿನ ಇದ್ದಂತೆಯೇ ಮಡಿಕೆ ಮುರಿಯದೆ ಇದೆ ಎಂಬುದು ನೆನಪಾಗಿ, ನೆನಪಾದದ್ದನ್ನು ಮರೆಯುವ ಪ್ರಯತ್ನದಲ್ಲಿ ಬೆಳಗಿನ ಪ್ರಾರ್ಥನೆಯ ಕರೆ ಆಯಿತು.

ಹಾಳೆಯಲ್ಲಿದ್ದದ್ದು ಅವಳೇ ಬರೆದ ಭಾಷಣ. ಓದಿನಲ್ಲಿ ತೊಡಕಿರುವ ಮಕ್ಕಳನ್ನು ಗುರುತಿಸುವ ಬಗೆ. ಕಾಲುವೆ ಪಕ್ಕದ ಆ ಹುಡುಗಿಯರ ಶಾಲೆಯಲ್ಲಿ ಅದರ ತಿಳಿವಳಿಕೆಗೆಂದೇ ಒಂದು ವಾರ ಆಚರಿಸಬೇಕೆಂದು ಮೇಲಿನಿಂದ ಆದೇಶ ಬಂದಾಗ ಮುಖ್ಯೋಪಾಧ್ಯಾಯಿನಿ ಮದಾಮ್ ಇನ್‌ಶಿರಾಹ್ ಇಡೀ ಶಿಕ್ಷಕಿಯರ ಕೋಣೆಯನ್ನು ದಾಟಿ ಬಂದು ನಿಂತದ್ದು ಅರಬ್ಬಿ ಪಾಠದ ಅಬ್ಲಾ, ಅಂದರೆ ಟೀಚರಮ್ಮ, ರಬಾಬಳ ಮುಂದೆ. "ಈ ಡಿಸ್ಲೆಕ್ಸಿಯಾ ಅನ್ನೋದು ಏನೇ ಇರ್ಲಿ ಕಣಮ್ಮ, ಅದನ್ನ ಚೆಂದವಾಗಿ ಬರೆಯೋಳು ನೀನೊಬ್ಳೇ." ರಬಾಬ್ ಒಂದು ತರಬೇತಿಗೆ ಹೋಗಿದ್ದಳು, ಚಹಾ ಬಿಸ್ಕತ್ತಿನ ನಡುವೆ ಕೊಟ್ಟ ಕೈಪಿಡಿಯನ್ನು ಕೊನೆಯವರೆಗೂ ಓದಿದ್ದು ಅವಳೊಬ್ಬಳೇ, ಹಾಗಾಗಿ ಜಿಲ್ಲೆಗೇ ಅವಳು ಪಂಡಿತೆ. ಹಸಿರು ಶಾಯಿಯಲ್ಲಿ ಲಕ್ಷಣಗಳನ್ನೆಲ್ಲ ದೊಡ್ಡ ರಟ್ಟಿನ ಮೇಲೆ ಬರೆದು ಮೆಟ್ಟಿಲ ಬಳಿ ತೂಗುಹಾಕಿದಳು. ರಟ್ಟಿನಲ್ಲಿ ಲಕ್ಷಣಗಳಿಗೇ ಜಾಗ ಮುಗಿದುಹೋಗಿ, ಮುಂದೇನು ಮಾಡಬೇಕು ಎಂಬುದು ಉಳಿದುಹೋಯಿತು. ಅದನ್ನು ಯಾರೂ ಕೇಳಲೂ ಇಲ್ಲ, ಶುರೂಕಳ ತಾಯಿಯೊಬ್ಬಳ ಹೊರತು. ಶುರೂಕ್ ಮೂರನೇ ತರಗತಿ, ಓದು ಎಂದರೆ ಮೇಜಿನ ಕೆಳಗೆ ಪೆನ್ಸಿಲ್ ಬೀಳಿಸುವ ಹುಡುಗಿ. ಅವಳ ತಾಯಿಯನ್ನು ಕರೆಸಿ ರಬಾಬ್ ರಟ್ಟಿನ ಮುಂದೆ ನಿಲ್ಲಿಸಿ ಒಂದೊಂದೇ ಲಕ್ಷಣಕ್ಕೆ ಬೆರಳಿಟ್ಟು ತೋರಿಸಿದ್ದಳು. ಗಾಬರಿಯಾಗಬೇಡಿ, ಎಲ್ಲವೂ ಇದೆ, ಎಂದಿದ್ದಳು, ಅಂಗಡಿಯವನು ಸಾಮಾನು ಎಲ್ಲ ಇದೆ ಅಂದಂತೆ. ಸೊಪ್ಪಿನ ವಾಸನೆಯ ಕರಿ ಅಬಾಯಾ ತೊಟ್ಟಿದ್ದ ಆ ಹೆಂಗಸು ರಟ್ಟನ್ನೇ ನೋಡುತ್ತಾ, "ಇದೆ ಸರಿ ಅಬ್ಲಾ. ಈಗ ನಾನೇನ್ ಮಾಡ್ಲಿ?" ಎಂದು ಕೇಳಿದಾಗ ಗಂಟೆ ಹೊಡೆದದ್ದು ದೇವರ ದಯೆ.

ಬೆಳಿಗ್ಗೆ ಅತ್ತೆ ಇಹ್ಸಾನ್ ಧೂಪದ ಬಟ್ಟಲು ಹಿಡಿದು ಮೊಮ್ಮಗಳ ಸುತ್ತ ತಿರುಗಿದಳು. "ಇಡೀ ಊರಿನ ಕಣ್ಣು ಬೀಳುತ್ತೆ ಇವತ್ತು ನನ್ನ ಚಿನ್ನದ ಮೇಲೆ. ಮಾಶಾ ಅಲ್ಲಾ ಅನ್ನದೆ ಹೊಗಳೋರ ಕಣ್ಣು ಕಿತ್ತುಹೋಗ್ಲಿ."

"ಅಮ್ಮ, ಹೊಗೆಗೆ ಹುಡ್ಗಿ ಗಂಟಲು ಕಟ್ಟುತ್ತೆ," ಅಂದ ವಗ್ದಿ ಬೇಯಿಸಿದ ಕಾಳಿನ ಫೂಲ್‌ಗೆ ಬ್ರೆಡ್ಡು ಅದ್ದುತ್ತಾ. ಅವನದು ನಲ್ಲಿ, ಬಚ್ಚಲು ಸಾಮಾನಿನ ಅಂಗಡಿ. ಮಾತಿನಲ್ಲಿ ಊರಿಗೇ ಚಹಾ ಕುಡಿಸುವವನು. "ರಬಾಬ್, ಆ ಕರೆಂಟು ಆಫೀಸಿನೋರು ಬಾಗಿಲಿಗೆ ಏನೋ ಅಂಟಿಸಿ ಹೋಗಿದ್ದಾರೆ, ಏನಂತೆ ನೋಡು. ಕನ್ನಡಕ ಅಂಗಡೀಲೇ ಬಿಟ್ಟುಬಂದೆ."

"ನಿಮ್ಮ ಕನ್ನಡಕ ಅಂಗಡಿಯಿಂದ ಮನೆಗೆ ಬಂದಿದ್ದನ್ನ ಮದುವೆಯಾದಾಗ್ಲಿಂದ ನೋಡಿಲ್ಲ ನಾನು."

"ಅದಕ್ಕೂ ಅಂಗಡೀಲೇ ಇಷ್ಟ, ಏನ್ ಮಾಡೋದು? ಇಲ್ಲಿಗೆ ಬಂದ್ರೆ ನಿನ್ನ ಬೈಗುಳ ಕೇಳ್ಬೇಕು."

ಎಲ್ಲರೂ ನಕ್ಕರು. ಈ ಮನೆಯ ಹಳೆಯ ತಮಾಷೆ ಅದು, ಹಬ್ಬಕ್ಕೆ ತೆಗೆದು ಒರೆಸಿಡುವ ಹಿತ್ತಾಳೆಯ ತಟ್ಟೆಯ ಹಾಗೆ. ಲುಜೈನ್ ಮಾತ್ರ ನಗದೆ ತನ್ನ ಷೂ ನೋಡಿಕೊಳ್ಳುತ್ತಿದ್ದಳು. ಎಡಗಾಲಿನ ಷೂವಿನೊಳಗೆ ಅವಳೇ ಕೆಂಪು ಪೆನ್ನಿನಿಂದ ಚುಕ್ಕಿ ಇಟ್ಟುಕೊಂಡಿದ್ದಳು. ಯಾವ ಕಾಲಿಗೆ ಯಾವುದೆಂದು ಗೊತ್ತಾಗಲು. ಜಾಣೆ, ಎಂದು ಹೋದ ವರ್ಷ ಅದನ್ನು ನೋಡಿ ರಬಾಬ್ ಶಿಕ್ಷಕಿಯರ ಕೋಣೆಯಲ್ಲಿ ಹೇಳಿಕೊಂಡಿದ್ದಳು. ಎಡ ಬಲ ತಿಳಿಯದಿರುವುದು ರಟ್ಟಿನ ಮೇಲೆ ಹಸಿರು ಶಾಯಿಯಲ್ಲಿ ಇತ್ತು. ಆದರೆ ಅದು ಪರರ ಮಕ್ಕಳ ಕಾಲಿನ ವಿಷಯ.

ಕಾಲುವೆ ದಂಡೆಯ ಮೇಲೆ ಮಂಜಿತ್ತು. ಟುಕ್‌ಟುಕ್ಕಿನಲ್ಲಿ ಮಗಳು ಅವಳಿಗೆ ಒತ್ತಿ ಕೂತಿದ್ದಳು, ತುಟಿ ಅಲ್ಲಾಡುತ್ತಿತ್ತು. ಹಾಳೆ ತಂದಿದ್ದೀಯಾ ಎಂದು ರಬಾಬ್ ಕೇಳಿದಳು. ಲುಜೈನ್ ಜೇಬು ತಟ್ಟಿ ತೋರಿಸಿದಳು. ಒಂದ್ಸಲ ನೋಡ್ಕೋ ಅನ್ನಬೇಕೆನ್ನಿಸಿತು, ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂಬುದರ ಸುತ್ತ ಮನಸ್ಸು ನೊಣದಂತೆ ಸುತ್ತುತ್ತಿತ್ತು, ಕೂರುತ್ತಿರಲಿಲ್ಲ. ಇವಳು ಓದಿದ್ದನ್ನು ತಾನು ಕಂಡದ್ದು ಯಾವಾಗ? ಕೇಳಿದ್ದು ಬೇಕಾದಷ್ಟಿದೆ. ಕುರಾನಿನ ಕೊನೆಯ ಭಾಗವನ್ನು ಐದು ವರ್ಷಕ್ಕೇ ಒಪ್ಪಿಸಿ ಮಸೀದಿಯ ಶೇಖರಿಂದ ಬಣ್ಣದ ಪೆಟ್ಟಿಗೆ ಬಹುಮಾನ ತಂದವಳು. ಪುಸ್ತಕ ತೆರೆದು, ಸಾಲಿನ ಕೆಳಗೆ ಬೆರಳು ಸರಿಸುತ್ತಾ, ಗಿಳಿಯಂತೆ. ಬೆರಳು ಸಾಲಿಗಿಂತ ಮುಂದೆ ಹೋಗಿದ್ದನ್ನು ಒಮ್ಮೆ ಕಂಡಿದ್ದಳು, ಮಗು ಎಷ್ಟು ಚುರುಕು, ಕಣ್ಣು ಮುಂದೆ ಮುಂದೆ ಓಡುತ್ತಿದೆ, ಎಂದುಕೊಂಡಿದ್ದಳು. ಮಸೀದಿಯಲ್ಲಿ ಬಾಯಿಗೆ ಬಂದರೆ ಸಾಕು, ಪುಸ್ತಕ ಮರ್ಯಾದೆಗೆ. ಶಾಲೆಯಲ್ಲಿ ಇನ್ನೂ ಸುಲಭ. ಸಹೋದ್ಯೋಗಿಯ ಮಗಳನ್ನು ಯಾರು ಎಬ್ಬಿಸಿ ಹೊಸ ಪಾಠ ಓದಿಸುತ್ತಾರೆ? ಅಬ್ಲಾ ರಬಾಬಳ ಮಗಳಿಗೆ ಓದು ಬರುತ್ತದೆಯೇ ಎಂದು ಪರೀಕ್ಷಿಸುವುದೆಂದರೆ ಮುಖ್ಯೋಪಾಧ್ಯಾಯಿನಿಯ ಚಹಾದಲ್ಲಿ ಸಕ್ಕರೆ ಇದೆಯೇ ಎಂದು ಬೆರಳು ಅದ್ದಿ ನೋಡಿದ ಹಾಗೆ. ಲುಜೈನಳ ತರಗತಿಯ ಅಬ್ಲಾ ಸಫಿನಾಜ್ ಎಲ್ಲರೆದುರು ಅವಳನ್ನು ಎಬ್ಬಿಸುವುದು ಪದ್ಯ ಒಪ್ಪಿಸುವುದಕ್ಕೆ ಮಾತ್ರ. ಉಕ್ತಲೇಖನದ ದಿನ ಹೊಟ್ಟೆನೋವು ಬಂದರೆ, "ನಿನ್ನ ಮಗ್ಳು ಪಾಪ ಸೂಕ್ಷ್ಮ ಕಣೇ ರಬಾಬ್" ಎಂದು ತನ್ನ ಥರ್ಮಸ್ಸಿನ ಸೋಂಪಿನ ಕಷಾಯ ಕುಡಿಸಿ, ಬರೆಯದೇ ಬಿಟ್ಟ ಸಾಲುಗಳ ಎದುರು ತಾನೇ ಸರಿ ಗುರುತು ಹಾಕಿಬಿಡುವಷ್ಟು ಸ್ನೇಹ. ಪ್ರತಿಯಾಗಿ ಸಫಿನಾಜಳ ಅಣ್ಣನ ಮಗಳಿಗೆ ರಬಾಬ್ ಅಷ್ಟೇ ಸ್ನೇಹ ತೋರಿಸಿದ್ದಾಳೆ. ಹೀಗೆ ಒಬ್ಬರ ಮಕ್ಕಳನ್ನು ಒಬ್ಬರು ಕಣ್ಣಲ್ಲಿ ಕಣ್ಣಿಟ್ಟು ಕಾಣದೆ ಕಾಪಾಡುತ್ತಿದ್ದರು.

ಅಂಗಳದಲ್ಲಿ ತರಗತಿಗಳು ಸಾಲಾಗಿ ನಿಂತಿದ್ದವು. ಧ್ವಜದ ಕಟ್ಟೆಯ ಮೇಲೆ ಮೈಕು. ಅದರ ತಂತಿ ಮೆಟ್ಟಿಲಿಳಿದು ಶಿಕ್ಷಕಿಯರ ಸಾಲಿನ ತುದಿಯಲ್ಲಿದ್ದ ಪ್ಲಗ್ಗಿನ ಪೆಟ್ಟಿಗೆಗೆ ಬರುತ್ತಿತ್ತು. ಜವಾನ ಖಲೀಫಾ ಅದನ್ನು ಅಂಟುಪಟ್ಟಿಯಿಂದ ಸುತ್ತಿ ಸುತ್ತಿ ಗಾಯಾಳುವಿನ ಕೈಯಂತೆ ಮಾಡಿದ್ದ. ರಬಾಬ್ ನಿಂತದ್ದು ಆ ಪೆಟ್ಟಿಗೆಯ ಪಕ್ಕದಲ್ಲಿ. ಮಗಳು ಚೆನ್ನಾಗಿ ಕಾಣುವ ಜಾಗ ಎಂದು ಸಫಿನಾಜಳೇ ಅವಳಿಗೆ ಬಿಟ್ಟುಕೊಟ್ಟಿದ್ದಳು. ಎದುರಿನ ಕುರ್ಚಿಗಳಲ್ಲಿ ಕಚೇರಿಯವರು. ನಡುವಿನ ದೊಡ್ಡ ಕುರ್ಚಿಯಲ್ಲಿ ಉಸ್ತಾದ್ ಬಸ್ಯೂನಿ, ಮಫ್ಲರ್ ಸುತ್ತಿ, ತೊಡೆಯ ಮೇಲೆ ಫೈಲು ಇಟ್ಟುಕೊಂಡು, ತಾನು ಬಂದಿದ್ದಕ್ಕೆ ಶಾಲೆ ಎಷ್ಟು ಸುಧಾರಿಸಿತು ಎಂದು ನೋಡುವವನಂತೆ ಸುತ್ತಲೂ ನೋಡುತ್ತಿದ್ದ.

ಲುಜೈನ್ ಕಟ್ಟೆ ಹತ್ತಿದಳು. ಬಿಳಿ ಹಿಜಾಬಿನೊಳಗೆ ಮುಖ ಇನ್ನೂ ಸಣ್ಣದಾಗಿ ಕಂಡಿತು. ಹಾಳೆ ಬಿಡಿಸಿ ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಮೈಕಿನಿಂದ ಹೊರಟದ್ದನ್ನು ಕೇಳಿ ಶಿಕ್ಷಕಿಯರು ಒಬ್ಬರನ್ನೊಬ್ಬರು ನೋಡಿಕೊಂಡರು, ಏಕೆಂದರೆ ಕಟ್ಟೆಯ ಮೇಲೆ ನಿಂತಿದ್ದದ್ದು ರಬಾಬಳ ಒಂದು ಚಿಕ್ಕ ಪ್ರತಿ. ಅದೇ ಏರಿಳಿತ, ಅದೇ ಮೂಗು, ವಾಕ್ಯದ ಕೊನೆಗೆ ಅದೇ ಕ್ಷಮಾಗುಣ. "ಗೌರವಾನ್ವಿತ ಅತಿಥಿಗಳೇ, ಅಕ್ಷರಗಳು ಕಣ್ಣೆದುರು ಈಜಾಡುವ ಮಗು ಮಂಕಲ್ಲ, ಸೋಮಾರಿಯಲ್ಲ. ಆ ಮಗು ಗಟ್ಟಿಯಾಗಿ ಓದುವುದನ್ನು ತಪ್ಪಿಸಿಕೊಳ್ಳಲು ನಾನಾ ನೆಪ ಹುಡುಕುತ್ತದೆ. ಕೇಳಿದ್ದನ್ನು ಅಚ್ಚರಿಯಾಗುವಷ್ಟು ಚೆನ್ನಾಗಿ ನೆನಪಿಡುತ್ತದೆ." ನಾಲ್ಕು ಮಾತಿಗೊಮ್ಮೆ ತಲೆಯೆತ್ತಿ ಸಭೆಯನ್ನು ನೋಡುತ್ತಿದ್ದಳು, ತಲೆ ತಗ್ಗಿಸಿದಾಗ ಹಾಳೆಯ ಯಾವುದೋ ಮೂಲೆಯನ್ನು ನೋಡುತ್ತಿದ್ದಳು. ಎಂಥ ಧೈರ್ಯ ಎಂದು ಯಾರೋ ಪಿಸುಗುಟ್ಟಿದರು. ರಬಾಬ್ ಮುಗುಳ್ನಗೆಯನ್ನು ಮುಖದ ಮೇಲೆ ಸರಿಯಾಗಿ ಕೂರಿಸಿಕೊಂಡು ನಿಂತಿದ್ದಳು, ಮತ್ತು ಕಾಯುತ್ತಿದ್ದಳು. ಬರುವುದಿಲ್ಲ, ಬರಬಾರದು.

"ಇಂಥ ಮಗುವನ್ನು ಮೊದಲು ಗುರುತಿಸುವುದು," ಎಂದಳು ಲುಜೈನ್. ನಿಂತಳು. ಗಂಟಲು ಸರಿಮಾಡಿಕೊಂಡು, ಮುಷ್ಟಿ ಬಾಯಿಗೆ ಅಡ್ಡ ಹಿಡಿದು, ಸಣ್ಣಗೆ ಎರಡು ಸಲ ಕೆಮ್ಮಿದಳು. "ತಾಯಿಯ ಕಣ್ಣು."

ಭಾಷಣ ಬರೆದು ಮುಗಿಸಿದ ಆ ಸಂಜೆ ಅಡುಗೆಮನೆಯಲ್ಲಿ ಮುಲುಖಿಯಾ ಸೊಪ್ಪಿಗೆ ಬೆಳ್ಳುಳ್ಳಿಯ ಒಗ್ಗರಣೆ ಹಾಕಿದ ಘಾಟು ಇತ್ತು. ಅಮ್ಮ ನೀನೊಂದ್ಸಲ ಓದಿ ತೋರಿಸು, ನೀನು ಓದಿದ್ರೆ ಎಷ್ಟು ಚೆನ್ನಾಗಿರುತ್ತೆ, ಎಂದು ಮಗಳು ಕುತ್ತಿಗೆಗೆ ಜೋತುಬಿದ್ದಿದ್ದಳು. ಫೋನು ಮೇಜಿನ ಮೇಲೆ ಕವುಚಿ ಬಿದ್ದಿತ್ತು. ರಬಾಬ್ ಸೌಟು ಇಟ್ಟು, ಕೈ ಒರೆಸಿಕೊಂಡು, ಹೊಗಳಿಕೆಗೆ ಉಬ್ಬಿ, ನಿಂತೇ ಓದಿದ್ದಳು. ಘಾಟಿಗೆ ಕೆಮ್ಮು ಬಂದಿತ್ತು. ಈ ಕೆಮ್ಮಿಗೆ ಈ ಅಂಗಳದಲ್ಲಿ ಏನೂ ಕಾರಣ ಇರಲಿಲ್ಲ. ಇಲ್ಲಿ ಮುಲುಖಿಯಾ ಇರಲಿಲ್ಲ, ಬೆಳ್ಳುಳ್ಳಿ ಇರಲಿಲ್ಲ. ಒಂದು ಮಗು ಅದನ್ನೂ ಪಾಠವೆಂದು ಕಲಿತು, ಮುಷ್ಟಿಯ ಸಮೇತ ಒಪ್ಪಿಸಿತ್ತು. ಹಾಳೆಯಲ್ಲಿ ಏನಿದೆ, ಏನಿಲ್ಲ ಎಂದು ಅದಕ್ಕೆ ತಿಳಿಯುವ ದಾರಿಯೇ ಇರಲಿಲ್ಲ. ರಬಾಬಳ ಮುಗುಳ್ನಗೆ ಇದ್ದಲ್ಲೇ ಇತ್ತು, ಬೀಗ ಹಾಕಿದ ಅಂಗಡಿಯ ಮೇಲಿನ ಬೋರ್ಡಿನಂತೆ. ಇವಳಿಗೆ ಓದಲು ಬರುವುದಿಲ್ಲ. ಮಾತು ಎಷ್ಟು ಚಿಕ್ಕದು. ಶುರೂಕಳ ತಾಯಿಗೆ ಹೇಳುವಾಗ ಬಾಯಿ ತುಂಬ ಇತ್ತು.

ಚಪ್ಪಾಳೆ ಬಿತ್ತು. ಉಸ್ತಾದ್ ಬಸ್ಯೂನಿ ಎದ್ದೇ ನಿಂತು ತಟ್ಟಿದ. ಸಫಿನಾಜ್ ರಬಾಬಳ ಮೊಣಕೈ ಚಿವುಟಿ, "ಕೆಮ್ಮೋದು ಕೂಡ ನಿನ್ನ ಥರಾನೇ ಕಣೇ! ರಕ್ತ ಎಲ್ಲಿ ಹೋಗುತ್ತೆ?" ಎಂದಳು. ಬಸ್ಯೂನಿ ಸಭೆಯತ್ತ ತಿರುಗಿ, ಮೈಕಿಲ್ಲದೆಯೂ ಕೇಳುವ ಗಂಟಲಿನಲ್ಲಿ ಸಾರಿದ: "ನೋಡಿ ಅಮ್ಮಂದಿರಾ! ಓದು ಅಂದ್ರೆ ಇದು! ತೊಡಕಿರೋ ಮಕ್ಕಳ ಬಗ್ಗೆ ಒಂದು ತೊಡಕೂ ಇಲ್ಲದೆ ಓದಿತು ಈ ಮಗು. ಇಷ್ಟು ಚೆನ್ನಾಗಿ ಓದೋಳು ನಮ್ಮ ಕಚೇರಿಯ ಸಂದೇಶಾನೂ ಓದಿಬಿಡ್ಲಿ. ನಾನ್ ಓದಿದ್ರೆ ನಿಮಗೆ ನಿದ್ದೆ ಬರುತ್ತೆ." ಎಲ್ಲರೂ ನಕ್ಕರು, ಮೇಲಧಿಕಾರಿಯ ಹಾಸ್ಯಕ್ಕೆ ನಗುವ ಅಳತೆಯಲ್ಲಿ. ಫೈಲಿನಿಂದ ಒಂದು ಹಾಳೆ ಎಳೆದು ಮದಾಮ್ ಇನ್‌ಶಿರಾಹ್‌ಗೆ ಕೊಟ್ಟ. ಅವಳು ಅದನ್ನು ನೋಡದೆ, ಎರಡು ಕೈಯಲ್ಲಿ ಪ್ರಸಾದ ಹಿಡಿದಂತೆ ಒಯ್ದು, ಕಟ್ಟೆಯ ಮೇಲಿದ್ದ ಲುಜೈನಳ ಕೈಗಿಟ್ಟು, ವಾಪಸು ಬಂದು ಕೂತಳು.

ಲುಜೈನ್ ಹಾಳೆ ನೋಡಿದಳು. ಆಮೇಲೆ ಸಾಲುಸಾಲಿನ ತಲೆಗಳ ಮೇಲಿಂದ ತಾಯಿಯನ್ನು ಹುಡುಕಿ ನೋಡಿದಳು. ರಬಾಬ್ ಆ ನೋಟವನ್ನು ಹಿಂದೆ ಒಮ್ಮೆ ಕಂಡಿದ್ದಳು, ಮಗಳು ಮೂರು ವರ್ಷದವಳಿದ್ದಾಗ ರಾಸ್ ಎಲ್ ಬರ್‌ನ ಸಮುದ್ರದಲ್ಲಿ ಅಲೆಯೊಂದು ಅವಳ ಕಾಲಡಿಯ ಮರಳನ್ನು ಎಳೆದೊಯ್ದಾಗ. ಆಗ ಬಟ್ಟೆ ಸಮೇತ ನೀರಿಗೆ ಓಡಿದ್ದಳು. ಈಗ ಮೆಟ್ಟಿಲು ಹತ್ತಿ ಹೋಗಿ, ಕೊಡು ಕಂದ, ನಾನು ಓದ್ತೀನಿ, ಎಂದರೆ ಮುಗಿಯಿತು. ಇಲ್ಲ, ಮುಗಿಯುವುದಿಲ್ಲ, ಯಾಕೆ ಅಬ್ಲಾ, ಮಗಳೇ ಓದಲಿ ಬಿಡಿ, ಎನ್ನುತ್ತಾನೆ ಅವನು. ಆಗ ಹೇಳಬೇಕಾಗುತ್ತದೆ. ಇನ್ನೂರು ಮುನ್ನೂರು ಹುಡುಗಿಯರು, ಸಫಿನಾಜ್, ಮೆಟ್ಟಿಲ ಬಳಿಯ ಹಸಿರು ರಟ್ಟು, ಗೇಟಿನ ಬಳಿ ಮಕ್ಕಳನ್ನು ಬಿಡಲು ಬಂದು ಕುತೂಹಲಕ್ಕೆ ನಿಂತ ತಾಯಂದಿರು, ಅವರ ನಡುವೆ ಕರಿ ಅಬಾಯಾದ ಶುರೂಕಳ ತಾಯಿ. ಲಕ್ಷಣಗಳ ಪಂಡಿತೆ ಲಕ್ಷಣಗಳನ್ನು ಹೆತ್ತು ಸಾಕಿದಳು ಎಂಬ ಸುದ್ದಿ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಕಾಲುವೆ ದಾಟಿರುತ್ತದೆ. ಮಗಳಿಗಾಗಿ ಹೆದರುತ್ತಿದ್ದೇನೆ ಎಂದುಕೊಂಡಳು. ಸ್ವಲ್ಪ ಮಟ್ಟಿಗೆ ಅದು ನಿಜವೂ ಇತ್ತು. ಕಟ್ಟೆಯಿಂದ ಅವಳ ಕಣ್ಣಿಗೇ ನೆಟ್ಟಿದ್ದ ನೋಟದಿಂದ ತಪ್ಪಿಸಿಕೊಳ್ಳಲು ಕೆಳಗೆ ನೋಡಿದಳು. ತನ್ನ ಷೂ ಕಂಡಿತು, ಷೂವಿನ ಪಕ್ಕದಲ್ಲಿ ಅಂಟುಪಟ್ಟಿ ಸುತ್ತಿದ ತಂತಿ ಕಂಡಿತು. ತನ್ನ ಕಾಲು ತಂತಿಯ ಕೆಳಗೆ ಹೋಗಿ ಅದನ್ನು ಮೇಲಕ್ಕೆ ಎಳೆದದ್ದನ್ನು, ಬೇರೆ ಯಾರದೋ ಕಾಲನ್ನು ನೋಡುವಷ್ಟು ಆಸಕ್ತಿಯಿಂದ ನೋಡಿದಳು. ಮೈಕು ಒಂದು ಬಿಕ್ಕಳಿಕೆ ಬಿಟ್ಟು ಸತ್ತುಹೋಯಿತು.

"ಖಲೀಫಾ!" ಕಿರುಚಿದಳು ಮದಾಮ್ ಇನ್‌ಶಿರಾಹ್.

ಅದೇ ಹೊತ್ತಿಗೆ ಗೋಡೆಯಾಚೆಯ ಗಂಡುಹುಡುಗರ ಶಾಲೆಯ ಬೆಳಗಿನ ಸಾಲು ಶುರುವಾಗಿ, ಅವರ ಸ್ಪೀಕರು ಎಂದಿನಂತೆ ಆಕಾಶ ಹರಿಯತೊಡಗಿತು. ಖಲೀಫಾ ಯಾವ ಕಡೆ ಓಡಬೇಕೆಂದು ತಿಳಿಯದೆ ಕಟ್ಟೆಯ ಮೇಲಕ್ಕೇ ಓಡಿ ಮೈಕಿನ ಬೆನ್ನು ತಟ್ಟುತ್ತಿದ್ದ. ಬಸ್ಯೂನಿಗೆ ಇನ್ನೊಂದು ಶಾಲೆಯಲ್ಲಿ ತಿಂಡಿಗೆ ಹೊತ್ತಾಗುತ್ತಿತ್ತು. "ಪರವಾಗಿಲ್ಲ, ಓದು ಮಗಳೇ! ಹಾಗೇ ಓದು!" ಎಂದು ಕೈಬೀಸಿದ.

ಲುಜೈನ್ ಹಾಳೆಯನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದಳು. ತುಟಿಗಳು ಅಲ್ಲಾಡತೊಡಗಿದವು. ನಿಂತು, ತಲೆಯೆತ್ತಿ ಸಭೆ ನೋಡಿ, ಮತ್ತೆ ತಗ್ಗಿಸಿ. ಗೋಡೆಯಾಚೆಯಿಂದ ಹುಡುಗನೊಬ್ಬ ಹವಾಮಾನ ವರದಿಯನ್ನು ಅರಚುತ್ತಿದ್ದ. ಅಂಗಳದ ಅಷ್ಟೂ ಜನ, ಹರಡಿದ ಮಂಜಿನಲ್ಲಿ, ಸದ್ದಿಲ್ಲದೆ ಅಲ್ಲಾಡುವ ಒಂದು ಪುಟ್ಟ ಬಾಯಿಯನ್ನು ಗೌರವದಿಂದ ನೋಡುತ್ತಾ ನಿಂತರು. ಮದಾಮ್ ಇನ್‌ಶಿರಾಹ್ ಅಲ್ಲಲ್ಲಿ ಅರ್ಥವಾದಂತೆ ತಲೆದೂಗಿದಳು. ಒಂದು ಕಡೆ ಬಸ್ಯೂನಿ ಕೂಡ. ಬಾಯಿ ನಿಂತಿತು. ಹಾಳೆ ಮಡಿಕೆಯಾಗಿ ಜೇಬಿಗೆ ಹೋಯಿತು. ಚಪ್ಪಾಳೆ ಮೊದಲಿಗಿಂತ ಜೋರಾಗಿತ್ತು, ಚಳಿಗೆ ಕೈ ಬೆಚ್ಚಗಾಗಲೂ ಬೇಕಿತ್ತು.

"ಉಚ್ಚಾರ ನೋಡಿದ್ರಾ?" ಬಸ್ಯೂನಿ ರಬಾಬಳ ಹತ್ತಿರ ಬಂದು ಹೇಳಿದ. "ದನಿ ಕೇಳ್ದೆ ಇದ್ರೂ ತುಟಿಯಲ್ಲೇ ಗೊತ್ತಾಗುತ್ತೆ. ಒಂದು ಅಕ್ಷರ ತಪ್ಪಿಲ್ಲ. ಯಾರ್ ಕಲಿಸಿದ್ದು, ತಾಯೀನಾ?"

"ಅವಳೇ ಕಲಿತಿದ್ದು," ಎಂದಳು ರಬಾಬ್. ಆ ದಿನ ಅವಳು ಆಡಿದ ಒಂದೇ ನಿಜ ಅದು, ಅದನ್ನೂ ಅವನು ವಿನಯ ಎಂದು ತಿಳಿದ.

ಹಿಂದೆ ಖಲೀಫಾ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನಿಂತಿದ್ದ. "ಇವತ್ತು ಬೆಳಿಗ್ಗೆ ನಾನೇ ಗಟ್ಟಿಯಾಗಿ ಸಿಗಿಸಿದ್ದೆ ಮದಾಮ್, ವಲ್ಲಾಹಿ, ದೇವ್ರಾಣೆ. ಯಾರೋ ಎಡವಿರ್ಬೇಕು."

"ಎಡವೋಕೆ ಇಲ್ಲೇನು ಎಮ್ಮೆ ನಿಂತಿತ್ತಾ? ಪೆಟ್ಟಿಗೆ ಪಕ್ಕದಲ್ಲಿದ್ದಿದ್ದು ಅಬ್ಲಾ ರಬಾಬ್. ಅವಳನ್ನ ಎಮ್ಮೆ ಅಂತೀಯಾ? ಕಚೇರಿಯವರ ಮುಂದೆ ಮಾನ ಕಳೆದೆಯಲ್ಲೋ!"

"ಅಯ್ಯೋ, ನಾನು ಹಾಗಂದ್ನಾ ಮದಾಮ್..." ಖಲೀಫಾ ರಬಾಬಳ ಕಡೆ ನೋಡಿದ, ಸಾಕ್ಷಿ ಹೇಳಿ ಎನ್ನುವಂತೆ ಅಲ್ಲ, ತಪ್ಪಾಯಿತು ಎನ್ನುವಂತೆ. ರಬಾಬ್ ದೊಡ್ಡ ಮನಸ್ಸು ಮಾಡಿ ಅವನನ್ನು ಕ್ಷಮಿಸಿದಳು. "ಹೋಗ್ಲಿ ಬಿಡಿ ಮದಾಮ್, ಹಳೇ ತಂತಿ." ಗೇಟಿನ ಬಳಿ ಶುರೂಕಳ ತಾಯಿ ತನ್ನ ಮಗಳ ತಲೆಯ ಮೇಲೊಂದು ಮೊಟಕಿ, ಕಟ್ಟೆಯ ಕಡೆ ಕೈತೋರಿಸಿ ಏನೋ ಹೇಳುತ್ತಿದ್ದಳು. ಏನೆಂದು ಕೇಳಬೇಕಾಗಿರಲಿಲ್ಲ.

ಮಧ್ಯಾಹ್ನಕ್ಕೆ ಲುಜೈನಳ ಎದೆಯ ಮೇಲೆ ರಿಬ್ಬನ್ನಿನ ಬಿಲ್ಲೆ ಬಂತು: ಶಾಲೆಯ ಉತ್ತಮ ಓದುಗಾರ್ತಿ. ಯಾವ ಬಿಲ್ಲೆ ಎಂದು ಅವಳು ಕೇಳಲಿಲ್ಲ, ಎಲ್ಲರೂ ಗಟ್ಟಿಯಾಗಿ ಓದಿ ಓದಿ ಹೇಳುತ್ತಿದ್ದರು. ರಬಾಬಳಿಗೊಂದು ಪ್ರಶಸ್ತಿಪತ್ರ ಬಂತು, ಗುರುತಿಸುವಿಕೆಯಲ್ಲಿ ತೋರಿದ ವಿಶೇಷ ಸೂಕ್ಷ್ಮತೆಗಾಗಿ. ಮನೆಗೆ ಹೋಗುವ ದಾರಿಯಲ್ಲಿ ಅವಳು ವಾಕ್ಯವೊಂದನ್ನು ಕಟ್ಟಿ ಇಟ್ಟುಕೊಂಡಳು. ಇವತ್ತು ವಗ್ದಿಗೆ ಹೇಳಬೇಕು. ಅತ್ತೆಗೆ ಹೇಳಬೇಕು. ನಾಳೆ ಸಫಿನಾಜಳಿಗೆ, ಆಮೇಲೆ ಮದಾಮಿಗೆ. ಕೈರೋದಲ್ಲಿ ಇಂಥ ಮಕ್ಕಳಿಗೆ ಬೇರೆ ರೀತಿ ಕಲಿಸುವವರು ಇದ್ದಾರೆ ಎಂದು ಕೈಪಿಡಿಯ ಕೊನೆಯ ಪುಟದಲ್ಲಿತ್ತು, ಆ ಪುಟವನ್ನೂ ಅವಳು ಓದಿದ್ದಳು. ಮೂರನೇ ತರಗತಿ, ಇನ್ನೂ ಹೊತ್ತು ಮೀರಿಲ್ಲ. ಮುಂದಿನ ವರ್ಷದ ಪುಸ್ತಕಗಳಲ್ಲಿ ಅಕ್ಷರದ ಮೇಲಿನ ಸ್ವರದ ಗುರುತುಗಳೂ ಕಡಿಮೆಯಾಗುತ್ತವೆ, ಪಾಠಗಳು ಉದ್ದವಾಗುತ್ತವೆ, ಎಷ್ಟನ್ನೆಂದು ಕಂಬಳಿಯೊಳಗೆ ಕೇಳಿ ಕಲಿತಾಳು? ಲುಜೈನ್‌ಗೆ ಓದೋಕೆ ಬರಲ್ಲ. ವಾಕ್ಯ ಬಾಯಲ್ಲಿ ಇತ್ತು, ಬಿಸಿ ಆಲೂಗಡ್ಡೆಯಂತೆ. ಉಗುಳಬೇಕು ಇಲ್ಲವೇ ನುಂಗಬೇಕು.

ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಾಗ ಮಗಳು ಬಂದು ಎದುರು ಕೂತಳು. ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

"ಅಮ್ಮ, ಇದ್ರಲ್ಲಿ ಏನಿದೆ?"

ಎಷ್ಟು ಸಲೀಸಾಗಿ ಕೇಳಿದಳು. ರಬಾಬ್ ಹಾಳೆ ಬಿಡಿಸಿ ಓದಿದಳು. ಕಚೇರಿಯ ಮುದ್ರೆ ಇತ್ತು. ಶಾಲೆಗಳ ಮಹಡಿಯ ಮೇಲಿನ ನೀರಿನ ತೊಟ್ಟಿಗಳಿಗೆ ಕಡ್ಡಾಯವಾಗಿ ಮುಚ್ಚಳ ಹಾಕತಕ್ಕದ್ದು. ಪಾರಿವಾಳಗಳು ಸತ್ತು ಬಿದ್ದಲ್ಲಿ ಮುಖ್ಯಸ್ಥರೇ ಹೊಣೆ. ಬಸ್ಯೂನಿ ತಪ್ಪು ಹಾಳೆ ಎಳೆದಿದ್ದ. ಅದನ್ನು ಕೊಟ್ಟವನು ನೋಡಿರಲಿಲ್ಲ, ತಲುಪಿಸಿದವಳು ನೋಡಿರಲಿಲ್ಲ. ಅದನ್ನು ಓದಲು ಪ್ರಯತ್ನಪಟ್ಟವಳು ಇವಳೊಬ್ಬಳೇ.

"ನೀರಿನ ತೊಟ್ಟಿ," ಎಂದಳು ರಬಾಬ್. "ಪಾರಿವಾಳ."

ಲುಜೈನ್‌ಗೆ ನಗು ಬಂತು. ತಾಯಿಗೂ ಬಂತು. ಇಬ್ಬರೂ ಅಕ್ಕಿಯ ಮೊರದ ಮೇಲೆ ಬಾಗಿ, ಹಜಾರದಲ್ಲಿದ್ದ ಇಹ್ಸಾನಳಿಗೆ ಕೇಳದಂತೆ ನಕ್ಕರು. "ಪಾರಿವಾಳಕ್ಕೆ ಚಪ್ಪಾಳೆ ಹೊಡೆದ್ರಾ ಅವರು?" "ಹೂಂ ಕಣೇ, ಎದ್ದು ನಿಂತು." ನಗು ನಿಂತ ಮೇಲೆ ರಬಾಬ್, ಅಕ್ಕಿಯನ್ನೇ ನೋಡುತ್ತಾ, "ನೀನು ಅಲ್ಲಿ ಏನಂದೆ?" ಎಂದು ಕೇಳಿದಳು.

"ಕುರಾನಿನ ಫಾತಿಹಾ ಹೇಳ್ಕೊಂಡೆ. ಮುಗೀತು. ಇನ್ನೊಂದ್ಸಲ ಹೇಳ್ಕೊಂಡೆ." ಸ್ವಲ್ಪ ತಡೆದು, "ವೈರು ನೀನೇ ಎಳೆದಿದ್ದಲ್ವಾಮ್ಮ?"

"ಯಾವ ವೈರು?"

"ನಿನ್ನ ಷೂನಿಂದ. ಮೇಲಿಂದ ಎಲ್ಲಾ ಕಾಣುತ್ತೆ."

ರಬಾಬಳ ಕೈ ಅಕ್ಕಿಯಲ್ಲಿ ಒಂದು ಕಲ್ಲನ್ನು ಹಿಡಿದುಕೊಂಡು ಅಲ್ಲೇ ನಿಂತಿತು. ಈಗ ಹೇಳಬಹುದಾಗಿತ್ತು. ಕಂದ, ನನಗೆ ಗೊತ್ತು, ನಿನ್ನ ತಪ್ಪಲ್ಲ, ಅಕ್ಷರ ಈಜುವ ಮಗು ಮಂಕಲ್ಲ. ತಾನೇ ಬರೆದ ವಾಕ್ಯ, ಮಗಳಿಗೆ ಬಾಯಿಪಾಠ ಇರುವ ವಾಕ್ಯ. ಅಷ್ಟರಲ್ಲಿ ಬಾಗಿಲಲ್ಲಿ ವಗ್ದಿಯ ಗದ್ದಲ ಕೇಳಿಸಿತು. ಕೈಯಲ್ಲಿ ಬಸ್ಬೂಸಾ ಸಿಹಿಯ ಡಬ್ಬಿ, ಬೀದಿಯೆಲ್ಲ ಕೇಳಿಸಿಕೊಂಡು ಬಂದ ಹೊಗಳಿಕೆ ಮುಖದಲ್ಲಿ. "ಎಲ್ಲಿ ನಮ್ಮ ಓದುಗಾರ್ತಿ? ಬಸ್ಯೂನಿಯ ಡ್ರೈವರೇ ಅಂಗಡೀಗೆ ಬಂದು ಹೇಳ್ದ, ನಿನ್ನ ಮಗ್ಳು ಮೈಕ್ ಇಲ್ದೆ ಇಡೀ ಶಾಲೆ ಅಲ್ಲಾಡಿಸಿಬಿಟ್ಳು ಅಂತ!" ಇಹ್ಸಾನ್ ಹಜಾರದಿಂದಲೇ ಹರ್ಷದ ಉಲುಹು ಹಾಕಿದಳು, ಮದುವೆ ಮನೆಯ ಹಾಗೆ, ನಾಲಗೆ ತಿರುಗಿಸಿ ಉದ್ದವಾಗಿ.

ವಗ್ದಿ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಮುಚ್ಚಳದ ಚೀಟಿಯ ಕಡೆ ಬೆರಳು ತೋರಿಸಿ, "ಬಾದಾಮಿದಾ, ತೆಂಗಿನಕಾಯಿದಾ ನೋಡು ರಬಾಬ್. ಕನ್ನಡಕ..." ಎಂದ.

"ಅಂಗಡೀಲಿ," ಎಂದಳು ಲುಜೈನ್, ಅಪ್ಪನ ಮಾತು ಮುಗಿಯುವ ಮೊದಲೇ. ತಮಾಷೆಗೆ ಎಂಬಂತೆ ಅಲ್ಲ. ಒಂದೇ ಕೆಲಸ ಮಾಡುವ ಇಬ್ಬರು ದಾರಿಯಲ್ಲಿ ಎದುರಾದಾಗ ತಲೆಯಾಡಿಸುವ ಹಾಗೆ. ಅಪ್ಪ ಮಗಳು ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿದರು, ಅಪ್ಪನೇ ಮೊದಲು ಕಣ್ಣು ತೆಗೆದ. ಮದುವೆಯಾದಾಗಿನಿಂದ ನಕ್ಕ ಅಷ್ಟೂ ನಗು ರಬಾಬಳ ಗಂಟಲಿಗೆ ಒಟ್ಟಿಗೆ ಬಂತು. ವಿಶೇಷ ಸೂಕ್ಷ್ಮತೆಯ ಪ್ರಶಸ್ತಿಪತ್ರ ಹಜಾರದಲ್ಲಿ, ಕಿತ್ತಳೆಯ ಬುಟ್ಟಿಯ ಕೆಳಗೆ ಇತ್ತು.

"ತೆಂಗಿನಕಾಯಿದು," ಎಂದು ಓದಿ ಹೇಳಿದಳು ರಬಾಬ್.

ವಗ್ದಿ ತಟ್ಟೆ ತರಲು ಹೋದ. ಲುಜೈನ್ ಮೇಜಿನ ಸುತ್ತ ಬಳಸಿ ಬಂದು, ತಾಯಿಯ ಕಿವಿಯ ಹತ್ತಿರ ಬಾಯಿ ತಂದಳು. ಉಸಿರಿನಲ್ಲಿ ಬೆಳಗಿನ ಧೂಪ ಇನ್ನೂ ಇತ್ತು.

"ಗಾಬರಿ ಆಗ್ಬೇಡಮ್ಮ," ಎಂದಳು, ರಬಾಬಳದೇ ದನಿಯಲ್ಲಿ. "ವೈರಿನ ವಿಷಯ ನಾನು ಯಾರಿಗೂ ಹೇಳಲ್ಲ. ಅಪ್ಪಂಗೂ ಇಲ್ಲ, ಅಜ್ಜಿಗೂ ಇಲ್ಲ. ಯಾರ್ ಕೇಳಿದ್ರೂ ಹೇಳಲ್ಲ."

ರಬಾಬಳಿಗೆ ಮೊದಲು ಅನ್ನಿಸಿದ್ದು ಸಮಾಧಾನ. ಅದಾದ ಮೇಲೆ ಅನ್ನಿಸಬೇಕಾದದ್ದೆಲ್ಲ ಬಾಗಿಲ ಹೊರಗೆ ಸಾಲಾಗಿ ಬಂದು ನಿಂತಿತ್ತು, ಒಳಗೆ ಕರೆಯುವವರಿಲ್ಲದೆ. ತಟ್ಟೆಗಳು ಬಂದವು. ಬಾಯಲ್ಲಿದ್ದ ವಾಕ್ಯದ ಜಾಗಕ್ಕೆ ಒಂದು ತುಂಡು ಬಸ್ಬೂಸಾ ಹಾಕಿಕೊಂಡಳು. ಎದುರು ಲುಜೈನ್, ಬಿಲ್ಲೆಗೆ ಪಾಕ ತಾಗದಂತೆ ಒಂದು ಕೈಯಲ್ಲಿ ಮುಚ್ಚಿಕೊಂಡು, ಮಾತು ಕೊಟ್ಟವಳ ಗಾಂಭೀರ್ಯದಲ್ಲಿ, ಬಾಯಿ ಬಿಗಿಹಿಡಿದು ತಿನ್ನುತ್ತಿದ್ದಳು.